ಕಾಕಂಬಿಯಿಂದ ಅಕ್ಕಿಯವರೆಗೆ: ಪೆಟ್ರೋಲ್ ಬೆರಕೆಯ ಕಟ್ಟಳೆ ಯರಗೇರಾ ತಲುಪಿದ ಬಗೆ

2023ರ ಜೂನ್‌ನಲ್ಲಿ ಕರ್ನಾಟಕದ ಹೊಸ ಸರ್ಕಾರ ಅನ್ನಭಾಗ್ಯದ ಅಕ್ಕಿಗಾಗಿ ಭಾರತೀಯ ಆಹಾರ ನಿಗಮದ ಬಾಗಿಲು ತಟ್ಟಿತು. ತಲಾ ಐದು ಕಿಲೋ ಹೆಚ್ಚುವರಿ ಕೊಡಬೇಕಾದರೆ ತಿಂಗಳಿಗೆ 2.28 ಲಕ್ಷ ಟನ್ ಬೇಕಿತ್ತು. ಕಿಲೋಗೆ 34 ರೂಪಾಯಿ ಕೊಡಲು ರಾಜ್ಯ ಸಿದ್ಧವಿತ್ತು. ನಿಗಮ ಮೊದಲು ಹೂಂ ಅಂದಿತು. ಜೂನ್ 13ರಂದು ದೆಹಲಿಯಿಂದ ಪತ್ರ ಹೊರಟಿತು: ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ, ಗೋಧಿ ಮಾರುವುದನ್ನು ನಿಲ್ಲಿಸಲಾಗಿದೆ. ಅದೇ ದಿನಗಳಲ್ಲಿ ಅದೇ ನಿಗಮದ ಗೋದಾಮುಗಳಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡುವ ಕಾರ್ಖಾನೆಗಳಿಗೆ ಕಿಲೋಗೆ 20 ರೂಪಾಯಿಯಂತೆ ಅಕ್ಕಿ ಹೋಗುತ್ತಿತ್ತು. ಜುಲೈನಲ್ಲಿ ಆ ಸರಬರಾಜನ್ನೂ ನಿಲ್ಲಿಸಿದರು ನಿಜ. ಆದರೆ ಜುಲೈ 10ರಿಂದ ಕರ್ನಾಟಕದ ಬಡವರ ಖಾತೆಗೆ ಬಂದದ್ದು ಅಕ್ಕಿಯಲ್ಲ, ತಲೆಗೆ 170 ರೂಪಾಯಿ. ಆ ದುಡ್ಡಿಗೆ ರಾಯಚೂರು ತಾಲ್ಲೂಕಿನ ಯರಗೇರಾದ ಕಿರಾಣಿ ಅಂಗಡಿಯಲ್ಲಾಗಲಿ ರಾಯಚೂರಿನ ಸಂತೆಯಲ್ಲಾಗಲಿ ಐದು ಕಿಲೋ ಸೋನಾಮಸೂರಿ ಸಿಗುತ್ತಿರಲಿಲ್ಲ.

ರಾಯಚೂರು ಜಿಲ್ಲೆಯೇ ಭತ್ತದ ಕಣಜ. ಮಾನ್ವಿ, ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಬೆಂಗಳೂರು, ಚೆನ್ನೈಗೆ ಲಾರಿಗಳು ಹೋಗುತ್ತವೆ. ಇಂಥ ನೆಲದಲ್ಲಿ ನಿಂತು ನೋಡಿದವರಿಗೆ ಒಂದು ಪ್ರಶ್ನೆ ಏಳಲೇಬೇಕು. ಬಡವನ ತಟ್ಟೆಯ ಅಕ್ಕಿಗೆ ವಾಹನದ ಟ್ಯಾಂಕು ಪಾಲುದಾರನಾದದ್ದು ಯಾವಾಗ, ಯಾರ ಆದೇಶದಿಂದ? ಉತ್ತರ ಹುಡುಕಲು ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

1932ರಲ್ಲಿ ಬ್ರಿಟಿಷ್ ಸರ್ಕಾರ ಹೊರದೇಶದ ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಅಲ್ಲಿಯವರೆಗೆ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಐದಾರು ವರ್ಷಗಳಲ್ಲಿ ನೂರಮೂವತ್ತನ್ನು ದಾಟಿತು. ಮಂಡ್ಯದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದು, ಅದರ ಬೆನ್ನಿಗೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಬ್ಬಿನ ಜೊತೆ ಕಾಕಂಬಿಯೂ ಬಂತು. ನೂರು ಟನ್ ಕಬ್ಬು ಅರೆದು ಸಕ್ಕರೆ ತೆಗೆದರೆ ನಾಲ್ಕು ಟನ್ನಿಗೂ ಮಿಕ್ಕಿ ಕಾಕಂಬಿ ಉಳಿಯುತ್ತದೆ. ಗುಂಡಿ ತೋಡಿ ಸುರಿದರೆ ಊರೆಲ್ಲ ನಾತ, ಹಳ್ಳಕ್ಕೆ ಬಿಟ್ಟರೆ ನೀರು ಕೆಡುತ್ತದೆ. ಇದನ್ನು ಹುಳಿಬರಿಸಿ, ಭಟ್ಟಿ ಇಳಿಸಿ, ನೀರಿನ ಅಂಶ ತೆಗೆದರೆ ಪೆಟ್ರೋಲಿಗೆ ಬೆರೆಸಬಹುದಾದ ಮದ್ಯಸಾರ, ಅಂದರೆ ಎಥೆನಾಲ್, ಆಗುತ್ತದೆ. ಅದನ್ನು ಆಗ 'ಪವರ್ ಆಲ್ಕೋಹಾಲ್' ಎನ್ನುತ್ತಿದ್ದರು. ಮೂವತ್ತರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸಂಸ್ಥಾನ ಆ ದಾರಿ ಹಿಡಿದಿತ್ತು. ಆಗಲೇ ಬ್ರೆಜಿಲ್‌ನಲ್ಲಿ 1931ರಿಂದ ಆಮದು ಪೆಟ್ರೋಲಿಗೆ ಶೇ 5ರಷ್ಟು ಮದ್ಯಸಾರ ಬೆರೆಸುವುದು ಕಡ್ಡಾಯವಾಗಿತ್ತು.

ರಾಷ್ಟ್ರೀಯ ಚಳವಳಿಯ ನಾಯಕರೂ ಇದನ್ನು ಕೈಗೆತ್ತಿಕೊಂಡರು. 1938ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸುಭಾಷ್‌ಚಂದ್ರ ಬೋಸ್ ದೆಹಲಿಯಲ್ಲಿ ಪ್ರಾಂತ್ಯಗಳ ಕೈಗಾರಿಕಾ ಮಂತ್ರಿಗಳ ಸಮ್ಮೇಳನ ಕರೆದರು. ವಿಶ್ವೇಶ್ವರಯ್ಯನವರೂ ಅಲ್ಲಿದ್ದರು. ಸಂಯುಕ್ತ ಪ್ರಾಂತ್ಯ ಮತ್ತು ಬಿಹಾರ ಸರ್ಕಾರಗಳು ಕಾಕಂಬಿಯ ಗೋಳನ್ನು ಮುಂದಿಟ್ಟವು. ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕಾನೂನನ್ನು ಎಲ್ಲ ಪ್ರಾಂತ್ಯಗಳೂ ಸಂಸ್ಥಾನಗಳೂ ತರಬೇಕೆಂಬ ಮಾತು ಅಲ್ಲಿ ಗಟ್ಟಿಯಾಯಿತು. ಆ ಚರ್ಚೆಯ ಮೂಲದಲ್ಲಿ ಇದ್ದದ್ದು ಬೇಡವಾಗಿ ಉಳಿದ ಕಾಕಂಬಿ. ಗಾಡಿಯ ಎಂಜಿನ್ನಿಗೆ ಏನು ಹಿತ, ರೈತನಿಗೆ ಏನು ಲಾಭ ಎಂಬುದೆಲ್ಲ ಆಮೇಲಿನ ಮಾತು. ನನ್ನ ಎಣಿಕೆಯಲ್ಲಿ ಈ ಕಟ್ಟಳೆಯ ಇಡೀ ಚರಿತ್ರೆಗೆ ಇದೇ ಕೀಲಿಕೈ. ಯಾವುದು ಮಿಕ್ಕಿತೋ ಅದನ್ನು ಟ್ಯಾಂಕಿಗೆ ಹಾಕುವ ಆದೇಶ ಹುಟ್ಟುತ್ತದೆ. ಅದು ಸಾಲದಾದಾಗ ಆದೇಶ ಮುಗ್ಗರಿಸುತ್ತದೆ.

ಆಗ ರಾಯಚೂರು ನಿಜಾಮರ ಆಡಳಿತದಲ್ಲಿತ್ತು. ಯರಗೇರಾದಿಂದ ಮಂತ್ರಾಲಯದ ಕಡೆ ಸಾಗಿ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯ. ಹೊಳೆಯ ಆಚೆಗೊಂದು ಕಾನೂನು, ಈಚೆಗೊಂದು. ಹೈದರಾಬಾದ್ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನೂ ಶುರು ಮಾಡಿತ್ತು. 1942ರಲ್ಲಿ ಜಪಾನಿನ ಸೈನ್ಯ ಬರ್ಮಾ ಹೊಕ್ಕಾಗ ಅಲ್ಲಿನ ಎಣ್ಣೆ ಬಾವಿಗಳು ಕೈಬಿಟ್ಟುಹೋದವು. ಪೆಟ್ರೋಲಿಗೆ ರೇಷನ್ ಬಂತು. ದೇಶದೆಲ್ಲೆಡೆ ಬಸ್ಸುಗಳ ಹಿಂಬದಿಗೆ ಇದ್ದಿಲು ಅನಿಲದ ಒಲೆ ಕಟ್ಟಿ ಓಡಿಸಿದ ಕಾಲ ಅದು. ನಿಜಾಮ್ ಸರ್ಕಾರ ಕಾಮಾರೆಡ್ಡಿಯಲ್ಲಿ ಪವರ್ ಆಲ್ಕೋಹಾಲ್ ಕಾರ್ಖಾನೆ ನಡೆಸಿತು. ಅಲ್ಲಿ ಬಳಸಿದ್ದು ಕಾಡಿನ ಇಪ್ಪೆ ಹೂವು. ತೆಲಂಗಾಣದ ಅಡವಿಯಲ್ಲಿ ಬೇಸಿಗೆಗೆ ಉದುರುವ ಹೂವನ್ನು ಆಯ್ದು ತಂದು ಇಂಧನ ಮಾಡಿದರು. ನೀರು ಕಟ್ಟಿ ಬೆಳೆಸಬೇಕಿಲ್ಲದ, ಯಾರ ಊಟದ ಧಾನ್ಯವನ್ನೂ ಮುಟ್ಟದ ಇಂಧನ ಅದು. ಹೂವಿನ ಮೇಲೆ ಬದುಕುತ್ತಿದ್ದ ಆದಿವಾಸಿಗಳಿಗೆ ಅದರಿಂದ ಏನು ದಕ್ಕಿತೆಂಬುದು ಬೇರೆಯೇ ಕಥೆ. ಆದರೂ ಈ ಪ್ರಯೋಗವನ್ನು ಇಂದಿನ ನೀತಿಕಾರರು ಒಮ್ಮೆ ನೆನೆಯಬೇಕು.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಜಾರಿಯಾಯಿತು. ಬೆರಕೆಯನ್ನು ಕಡ್ಡಾಯ ಮಾಡುವ ಅಧಿಕಾರ ಕೇಂದ್ರದ ಕೈಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಕಾಯ್ದೆ ಇತ್ತು, ಬೆರಕೆ ಮಾತ್ರ ಕ್ರಮೇಣ ಸೊರಗಿತು. ಮದ್ಯಸಾರಕ್ಕೆ ಹೆಚ್ಚು ಬೆಲೆ ಕೊಡುವ ಗಿರಾಕಿಗಳು ಹುಟ್ಟಿಕೊಂಡಿದ್ದರು. ಒಂದು ಕಡೆ ಕೃತಕ ರಬ್ಬರು, ಪ್ಲಾಸ್ಟಿಕ್ಕು ಮಾಡುವ ರಾಸಾಯನಿಕ ಕಾರ್ಖಾನೆಗಳು, ಇನ್ನೊಂದು ಕಡೆ ಕುಡಿಯುವ ಮದ್ಯ. ರಾಜ್ಯಗಳ ಖಜಾನೆ ತುಂಬುತ್ತಿದ್ದುದು ಅಬಕಾರಿಯಿಂದ. ಯಾವ ಹಣಕಾಸು ಮಂತ್ರಿ ತಾನೇ ಅದನ್ನು ಪೆಟ್ರೋಲಿಗೆ ಸುರಿಯಲು ಒಪ್ಪುತ್ತಾನೆ? 1973ರ ತೈಲ ಬಿಕ್ಕಟ್ಟಿನ ನಂತರ ಬ್ರೆಜಿಲ್ 1975ರಲ್ಲಿ ಪ್ರೊಆಲ್ಕೂಲ್ ಯೋಜನೆ ಕೈಗೊಂಡು ಕಬ್ಬಿನ ಮೇಲೆ ಗಾಡಿ ಓಡಿಸಲು ನಿಂತಿತು. ಭಾರತಕ್ಕೆ 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿತ್ತು.

ಇದೇ ಕಾಲದಲ್ಲಿ ರಾಯಚೂರಿನ ನೆಲ ಬೇರೆಯೇ ರೂಪ ತಾಳಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ನಾಲೆಯ ನೀರು ಬಂತು. ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು, ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಹಾಕಿದರು. ಬಿಳಿಜೋಳ, ಹತ್ತಿ, ತೊಗರಿಯ ಎರೆನೆಲದಲ್ಲಿ ನೀರು ನಿಂತಿತು. ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ತೆಗೆದರೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೆಳಭಾಗದ ರೈತರಿಗೆ ಒಂದು ಬೆಳೆಗೂ ನೀರು ಮುಟ್ಟದ ವರ್ಷಗಳಿವೆ. ನಾಲೆಯಲ್ಲಿ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳಿ ಎಂದು ಅವರು ರಸ್ತೆಗಿಳಿಯುವುದು ಇಲ್ಲಿ ಹೆಚ್ಚುಕಡಿಮೆ ಪ್ರತಿ ಹಂಗಾಮಿನ ಮಾತು. ದೇವದುರ್ಗಕ್ಕೆ ಆಮೇಲೆ ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆ ಬಂತು, ಅಲ್ಲಿಯೂ ಇದೇ ಪಾಡು. ಅಕ್ಕಿಯಿಂದ ಇಂಧನ ಮಾಡುವವರು ಬಳಸುವುದು ಈ ನೀರನ್ನು, ಇಂಥ ಜಗಳದ ನೀರನ್ನು ಎಂಬುದನ್ನು ಮರೆಯಬಾರದು.

2000ದಲ್ಲಿ 1948ರ ಕಾಯ್ದೆಯನ್ನು ಹಳಸಿದ್ದೆಂದು ರದ್ದು ಮಾಡಿದರು. ಮರುವರ್ಷವೇ ಮಹಾರಾಷ್ಟ್ರದ ಮೀರಜ್, ಮನ್ಮಾಡ್ ಮತ್ತು ಉತ್ತರ ಪ್ರದೇಶದ ಬರೇಲಿಯಲ್ಲಿ ಬೆರಕೆಯ ಪ್ರಯೋಗ ಶುರುವಾಯಿತು. ಸಕ್ಕರೆ ದಾಸ್ತಾನು ಉಕ್ಕಿ, ಕಾರ್ಖಾನೆಗಳು ರೈತರ ಬಾಕಿ ಉಳಿಸಿಕೊಂಡಿದ್ದ ಸಮಯ. ರಾಮ್ ನಾಯಕ್ ಪೆಟ್ರೋಲಿಯಂ ಮಂತ್ರಿಯಾಗಿದ್ದಾಗ 2002ರ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಹೊರಟು, 2003ರ ಜನವರಿಯಿಂದ ಒಂಬತ್ತು ರಾಜ್ಯಗಳಲ್ಲಿ, ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ 5ರ ಬೆರಕೆ ಕಡ್ಡಾಯವಾಯಿತು. ಆ ಒಂಬತ್ತರಲ್ಲಿ ಕರ್ನಾಟಕವೂ ಒಂದು.

ಆ ಕಟ್ಟಳೆ ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ. ಕೃಷ್ಣಾ ಕಣಿವೆಯಲ್ಲಿ ಸಾಲು ಬರಗಾಲ. ಮೇಲಿಂದ 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಕರ್ನಾಟಕದ ಕಬ್ಬಿಗೂ ಹಬ್ಬಿ, ಎಲೆಗಳ ಮೇಲೆ ಕಪ್ಪು ಬೂಷ್ಟು ಕೂತು ಇಳುವರಿ ಕುಸಿಯಿತು. ಕಬ್ಬಿಲ್ಲದೆ ಕಾಕಂಬಿ ಇಲ್ಲ, ಕಾಕಂಬಿ ಇಲ್ಲದೆ ಎಥೆನಾಲ್ ಇಲ್ಲ. 2004ರ ಅಕ್ಟೋಬರ್‌ನಲ್ಲಿ 'ಸಿಕ್ಕರೆ, ಬೆಲೆ ಹೊಂದಿದರೆ ಬೆರೆಸಿ' ಎಂಬ ಅರ್ಥಕ್ಕೆ ಆದೇಶವನ್ನು ಸಡಿಲಿಸಿದರು. ಬ್ರೆಜಿಲ್‌ನಿಂದ ಮದ್ಯಸಾರ ತರಿಸಿಕೊಂಡ ಕಾಲವೂ ಅದೇ. ಮಳೆ ಬಂದು ಸಕ್ಕರೆ ಮತ್ತೆ ಉಕ್ಕಿದಾಗ, 2006ರ ನವೆಂಬರ್‌ನಿಂದ 20 ರಾಜ್ಯಗಳಿಗೆ ಶೇ 5ರ ನಿಯಮ ವಿಸ್ತರಿಸಿತು. ಕಾಗದದ ಮೇಲೆ ಶೇ 5, ನಿಜದಲ್ಲಿ 2013-14ರ ಹೊತ್ತಿಗೂ ಶೇ 1.53, ಅಂದರೆ 38 ಕೋಟಿ ಲೀಟರ್. ತೈಲ ಕಂಪನಿಗಳಿಗೂ ಸಕ್ಕರೆ ಕಾರ್ಖಾನೆಗಳಿಗೂ ಬೆಲೆಯ ಹಗ್ಗಜಗ್ಗಾಟ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಟ್ಯಾಂಕರ್ ಹೋಗಬೇಕಾದರೆ ಅಬಕಾರಿ ಇಲಾಖೆಯ ಪರವಾನಗಿ, ಶುಲ್ಕ. 2009ರ ಜೈವಿಕ ಇಂಧನ ನೀತಿ 2017ಕ್ಕೆ ಶೇ 20 ಎಂದು ಬರೆದಿತ್ತು. ಅದು ಬರಹವಾಗಿಯೇ ಉಳಿಯಿತು.

ಗಾಡಿ ಮುಂದಕ್ಕೆ ಹೋದದ್ದು 2014ರ ಡಿಸೆಂಬರ್‌ನಲ್ಲಿ ಸರ್ಕಾರವೇ ಲೀಟರಿಗೆ 48.50ರಿಂದ 49.50 ರೂಪಾಯಿ ಬೆಲೆ ಗೊತ್ತು ಮಾಡಿದ ಮೇಲೆ. ಬೆಲೆ ಖಚಿತವಾದರೆ ಭಟ್ಟಿ ಕಟ್ಟಲು ಬ್ಯಾಂಕು ಸಾಲ ಕೊಡುತ್ತದೆ. 2016ರಲ್ಲಿ ಕೈಗಾರಿಕಾ ಕಾಯ್ದೆಗೆ ತಿದ್ದುಪಡಿ ತಂದು ಇಂಧನದ ಮದ್ಯಸಾರವನ್ನು ರಾಜ್ಯಗಳ ಹಿಡಿತದಿಂದ ತೆಗೆದರು. (2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೈಗಾರಿಕಾ ಮದ್ಯಸಾರದ ಮೇಲೂ ರಾಜ್ಯಗಳಿಗೆ ಅಧಿಕಾರವಿದೆ ಎಂದಿತು. ಒಪ್ಪದ ಒಬ್ಬರೇ ನ್ಯಾಯಮೂರ್ತಿ ಕನ್ನಡತಿ ಬಿ.ವಿ. ನಾಗರತ್ನ. ಆ ಹಗ್ಗದ ಎಳೆದಾಟ ಇನ್ನೂ ಮುಗಿದಿಲ್ಲ.)

2018ರ ಜೂನ್‌ನ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಹೊಸ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಸಕ್ಕರೆ ತೆಗೆದ ಮೇಲೆ ಉಳಿದ ಕಡೆಯ ಕಾಕಂಬಿಯೇ ಮೂಲ. ಈಗ ಇನ್ನೂ ಸಕ್ಕರೆಯ ಅಂಶವಿರುವ ಬಿ-ಹೆವಿ ಕಾಕಂಬಿ, ನೇರ ಕಬ್ಬಿನ ಹಾಲು, ಕೆಟ್ಟ ಧಾನ್ಯ, ಹೆಚ್ಚುವರಿ ಎಂದು ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿ ಘೋಷಿಸಿದ ಧಾನ್ಯ, ಎಲ್ಲಕ್ಕೂ ಒಪ್ಪಿಗೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನಿನಲ್ಲಿ ಊರು ಸೇರಲು ಜನ ನಡೆದು ಹೋಗುತ್ತಿದ್ದ ದಿನಗಳಲ್ಲಿ, ಆಹಾರ ನಿಗಮದ ಹೆಚ್ಚುವರಿ ಅಕ್ಕಿಯನ್ನು ಎಥೆನಾಲಿಗೆ ಕೊಡಬಹುದೆಂದು ಆ ಸಮಿತಿ ತೀರ್ಮಾನಿಸಿತು. ಆಗ ಬೇಕಿದ್ದುದು ಸ್ಯಾನಿಟೈಸರ್ ಕೂಡ. ಆದರೂ ಕಸದಿಂದ ರಸಕ್ಕೆ, ರಸದಿಂದ ಅನ್ನಕ್ಕೆ ಬಂದ ದಾರಿ ಇದು. ಈ ತಿರುವಿನ ಬಗ್ಗೆ ಸಂಸತ್ತಿನಲ್ಲಾಗಲಿ ಹಳ್ಳಿಯ ಕಟ್ಟೆಯಲ್ಲಾಗಲಿ ಆಗಬೇಕಿದ್ದಷ್ಟು ಚರ್ಚೆ ಆಗಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥೆನಾಲ್ ಬರುತ್ತದೆ, ಮೆಕ್ಕೆಜೋಳದಿಂದ ಸುಮಾರು 380. ಶೇ 20ರ ಬೆರಕೆಯ ಹತ್ತು ಲೀಟರ್ ಪೆಟ್ರೋಲಿನಲ್ಲಿ ಎರಡು ಲೀಟರ್ ಎಥೆನಾಲ್. ಅದು ಅಕ್ಕಿಯದಾದರೆ ನಾಲ್ಕೂವರೆ ಕಿಲೋ ಅಕ್ಕಿ. ಬೈಕಿನ ಒಂದು ಟ್ಯಾಂಕಿನಲ್ಲಿ ಒಬ್ಬ ಮನುಷ್ಯನ ಒಂದು ತಿಂಗಳ ಅನ್ನಭಾಗ್ಯದ ಹೆಚ್ಚುವರಿ ಪಾಲು ಹೆಚ್ಚುಕಡಿಮೆ ಪೂರ್ತಿ ಕರಗುತ್ತದೆ. 2024-25ರ ಸಾಲಿಗೆ ಎಥೆನಾಲಿಗೆಂದು 52 ಲಕ್ಷ ಟನ್ ಅಕ್ಕಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಕರ್ನಾಟಕ ಕೇಳಿ ಸಿಗದೆಹೋದ ಅಕ್ಕಿ ಇಷ್ಟರಲ್ಲಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಬರುತ್ತಿತ್ತು. ಗೋದಾಮು ತುಂಬಿ ತುಳುಕಿದಾಗ, 2025ರ ಜನವರಿಯಲ್ಲಿ ರಾಜ್ಯಗಳಿಗೂ ಎಥೆನಾಲಿಗೂ ಕ್ವಿಂಟಲಿಗೆ 2,250 ರೂಪಾಯಿ ಬೆಲೆ ಇಟ್ಟರು. ಆಮೇಲೆ ಕರ್ನಾಟಕ ಹಣದ ಬದಲು ಮತ್ತೆ ಅಕ್ಕಿ ಕೊಡತೊಡಗಿತು.

ಶೇ 10ರ ಗುರಿ 2022ರ ಜೂನ್‌ನಲ್ಲಿ, ನಿಗದಿಗಿಂತ ಐದು ತಿಂಗಳು ಮೊದಲೇ ಮುಟ್ಟಿತು. 2030ಕ್ಕೆಂದಿದ್ದ ಶೇ 20ರ ಗುರಿಯನ್ನು 2025-26ಕ್ಕೆ ಹಿಂದಕ್ಕೆಳೆದರು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿ ಶೇ 20ರ ಬೆರಕೆಯ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಾಗ ಅದು ಸಿಗುತ್ತಿದ್ದುದು 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ. ಅದೇ ವರ್ಷ ಮಳೆ ಕೈಕೊಟ್ಟಿತು. ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವಾದವು. ಡಿಸೆಂಬರ್ ಮೊದಲ ವಾರದಲ್ಲಿ ಕೇಂದ್ರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ನಿಷೇಧಿಸಿತು. ಅದೇ ಸರ್ಕಾರದ ಬಡ್ಡಿ ಸಹಾಯಧನ ನಂಬಿ ಸಾಲ ತೆಗೆದು ಯಂತ್ರ ಹೂಡಿದ್ದವರು ಬೆಚ್ಚಿದರು. ಸುಮಾರು ಒಂದು ವಾರದಲ್ಲಿ 17 ಲಕ್ಷ ಟನ್ ಸಕ್ಕರೆಯ ಮಿತಿಗೆ ಸಡಿಲಿಸಿ, 2024ರ ಆಗಸ್ಟ್‌ನಲ್ಲಿ ನಿಷೇಧ ತೆಗೆದರು. 2003-04ರದೇ ಕಥೆ, ಇಪ್ಪತ್ತು ವರ್ಷದ ಮೇಲೆ.

ಆದರೆ ಈ ಸಲ ಬೆರಕೆ ನಿಲ್ಲಲಿಲ್ಲ, ಭಾರ ಮೆಕ್ಕೆಜೋಳದ ಮೇಲೆ ಬಿತ್ತು. ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂಪಾಯಿ ಕಟ್ಟಿದರು. ಧಾನ್ಯದ ಪಾಲು ಕಬ್ಬನ್ನು ಮೀರಿತು. 2023-24ರಲ್ಲಿ 707 ಕೋಟಿ ಲೀಟರ್, ಶೇ 14.6. ಮರುವರ್ಷ ಶೇ 20ರ ಹತ್ತಿರ. ವಿದೇಶಿ ವಿನಿಮಯದಲ್ಲಿ 2014-15ರಿಂದ 2025ರ ಜುಲೈವರೆಗೆ 1.44 ಲಕ್ಷ ಕೋಟಿ ರೂಪಾಯಿ ಉಳಿಯಿತೆಂದು ಕೇಂದ್ರ ಹೇಳುತ್ತದೆ. ಈ ಸಾಧನೆಯನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಕಚ್ಚಾ ತೈಲಕ್ಕೆ ಪರದೇಶಕ್ಕೆ ಹೋಗುವ ದುಡ್ಡು ಇಲ್ಲಿನ ರೈತನಿಗೆ ಬಂದರೆ ಅದಕ್ಕಿಂತ ಒಳ್ಳೆಯದು ಯಾವುದು?

ತೊಡಕಿರುವುದು ಬಂಕಿನಲ್ಲಿ. ಎಥೆನಾಲಿನ ಶಾಖಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. 2021ರ ಜೂನ್‌ನಲ್ಲಿ ನೀತಿ ಆಯೋಗದ ಮಾರ್ಗಸೂಚಿಯೇ ಒಪ್ಪಿಕೊಂಡಂತೆ ಇ10ಕ್ಕೆ ಹೊಂದಿಸಿದ ಹಳೆ ಕಾರುಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದು. ಹಳೆ ವಾಹನಗಳಿಗೆ ಇ10 ಸಿಗುತ್ತಿರಬೇಕು, ಬೆರಕೆಯ ಪೆಟ್ರೋಲು ಸಾದಾ ಪೆಟ್ರೋಲಿಗಿಂತ ಅಗ್ಗವಾಗಿರಬೇಕು ಎಂದೂ ಅದೇ ಮಾರ್ಗಸೂಚಿ ಹೇಳಿತ್ತು. ಎರಡೂ ಆಗಲಿಲ್ಲ. 2025ರ ಜುಲೈ ಹೊತ್ತಿಗೆ ಎಥೆನಾಲಿನ ಸರಾಸರಿ ಖರೀದಿ ವೆಚ್ಚ ಲೀಟರಿಗೆ 71.32 ರೂಪಾಯಿ, ಶುದ್ಧೀಕರಿಸಿದ ಪೆಟ್ರೋಲಿನ ವೆಚ್ಚಕ್ಕಿಂತ ಹೆಚ್ಚು ಎಂದು ಸಚಿವಾಲಯವೇ ವಿವರಣೆ ಕೊಟ್ಟಿತು. 2023ಕ್ಕಿಂತ ಮುಂಚಿನ ಹಳೆ ಬೈಕಿನ ಮೇಲೆ ಯೂರಿಯಾ ಚೀಲ ಹೇರಿಕೊಂಡು ಹೊಲಕ್ಕೆ ಹೋಗುವ ಯರಗೇರಾ ಹೋಬಳಿಯ ರೈತನಿಗೆ ಆಯ್ಕೆ ಇಲ್ಲ. ಬೇರೆ ಪೆಟ್ರೋಲ್ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಬ್ರೆಜಿಲ್‌ನ ಕಟ್ಟಳೆಯಿಂದ ಕಲಿಯಬೇಕಾದದ್ದು ಅದರ ಪ್ರಮಾಣವನ್ನಲ್ಲ, ಅದರ ಬಾಗುವ ಗುಣವನ್ನು. ಅಲ್ಲಿನ ಕಾನೂನು ಒಂದು ಕನಿಷ್ಠ, ಒಂದು ಗರಿಷ್ಠ ಮಿತಿ ಹಾಕುತ್ತದೆ. ನಡುವೆ ಎಷ್ಟೆಂಬುದನ್ನು ಸುಗ್ಗಿ ನೋಡಿ ಸರ್ಕಾರ ತೀರ್ಮಾನಿಸುತ್ತದೆ. ಕಬ್ಬು ಕೈಕೊಟ್ಟ 2011ರಲ್ಲಿ ಶೇ 25ರಿಂದ 20ಕ್ಕೆ ಇಳಿಸಿ, 2013ರಲ್ಲಿ ಮತ್ತೆ 25ಕ್ಕೆ ಏರಿಸಿದರು. 2025ರ ಆಗಸ್ಟ್‌ನಲ್ಲಿ ಶೇ 30ಕ್ಕೆ ಹೋದರು. 2003ರಿಂದ ಅಲ್ಲಿ ಯಾವ ಬೆರಕೆಗೂ ಒಗ್ಗುವ ಫ್ಲೆಕ್ಸ್ ಕಾರುಗಳು ಬಂದಿದ್ದರಿಂದ ಗಿರಾಕಿಯೂ ಬೆಲೆ ನೋಡಿ ಬಂಕಿನಲ್ಲಿ ಆರಿಸಿಕೊಳ್ಳುತ್ತಾನೆ. ನಮ್ಮ ಅಧಿಸೂಚನೆಗೆ ಇಂಥ ಕೀಲು ಬೇಕು. ಮುಂಗಾರು ಕೈಕೊಟ್ಟ ವರ್ಷ ಪ್ರಮಾಣ ತಾನಾಗಿ ಇಳಿಯಬೇಕು. ನ್ಯಾಯಬೆಲೆ ಅಂಗಡಿಗೆ ರಾಜ್ಯ ಕೇಳಿದ ಅಕ್ಕಿ ಕೊಟ್ಟ ಮೇಲಷ್ಟೇ ಭಟ್ಟಿಗೆ ಎಂಬ ಸಾಲು ಅದರಲ್ಲಿ ಸ್ಪಷ್ಟವಾಗಿ ಇರಬೇಕು.

ನೀರಿನ ಲೆಕ್ಕವೂ ಬೇಕು. ಕಬ್ಬಿನ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಎಂದು ನೀತಿ ಆಯೋಗದ ಮಾರ್ಗಸೂಚಿಯಲ್ಲೇ ಇದೆ. ನಮ್ಮ ನೆರೆಯ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ 2023ರಲ್ಲಿ, ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ 2025ರ ಜೂನ್‌ನಲ್ಲಿ ಎಥೆನಾಲ್ ಕಾರ್ಖಾನೆಯ ವಿರುದ್ಧ ಹಳ್ಳಿಗರು ತಿರುಗಿಬಿದ್ದರು. ನೀರು ಕೆಡುತ್ತದೆ, ಗಾಳಿ ಕೆಡುತ್ತದೆ ಎಂಬುದು ಅವರ ಭಯ. ಯರಗೇರಾದಲ್ಲೇ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯವಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಎಡದಂಡೆಯ ಒಂದು ಎಕರೆ ಭತ್ತದ ನೀರಿಗೆ ಎಷ್ಟು ಲೀಟರ್ ಇಂಧನ, ಅದೇ ನೀರಿಗೆ ಕೆಳಭಾಗದಲ್ಲಿ ಎಷ್ಟು ಎಕರೆ ಜೋಳ, ತೊಗರಿ ಎಂಬುದನ್ನು ಇಲ್ಲಿಯೇ ಅಳೆದು ಹೇಳಬಹುದು.

2025ರ ನವೆಂಬರ್‌ನಲ್ಲಿ ಕಟ್ಟಳೆ ಮತ್ತೊಂದು ಬದಿಯಿಂದ ಬಿರುಕು ಬಿಟ್ಟಿತು. ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು, 3,300ಕ್ಕೆ ಒಪ್ಪಂದವಾಯಿತು. ಅದೇ ಹೊತ್ತಿಗೆ ಮೆಕ್ಕೆಜೋಳದ ದರ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು ಗದಗ, ಹಾವೇರಿ ಕಡೆ ರೈತರು ಬೀದಿಗಿಳಿದರು. ಎಥೆನಾಲಿಗೆ ಬೇಡಿಕೆ ಬರುತ್ತದೆಂದು ನಂಬಿ ಬಿತ್ತಿದವರು ಅವರು. ಕರ್ನಾಟಕದ ಭಟ್ಟಿಗಳಿಗೆ 270 ಕೋಟಿ ಲೀಟರ್ ತಯಾರಿಸುವ ಸಾಮರ್ಥ್ಯವಿದೆ, ಹಂಚಿಕೆಯಾದದ್ದು 47 ಕೋಟಿ ಲೀಟರ್ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಶೇ 20 ಮುಟ್ಟಿದ ಮೇಲೆ ಮುಂದೇನೆಂಬುದನ್ನು ಕೇಂದ್ರ ಇನ್ನೂ ಗಟ್ಟಿಯಾಗಿ ಹೇಳಿರಲಿಲ್ಲ. ಭಟ್ಟಿಗಳು ನಿಂತಿದ್ದವು, ಸಾಲದ ಕಂತು ನಿಂತಿರಲಿಲ್ಲ. ಭಟ್ಟಿಯ ಮಾಲೀಕರು ಬೆಂಬಲ ಬೆಲೆಗೆ ಮೆಕ್ಕೆಜೋಳ ಕೊಳ್ಳಬೇಕೆಂದು ರಾಜ್ಯ ಸರ್ಕಾರ ಒತ್ತಾಯಿಸಿತು. ಅವರು ತಮ್ಮ ಎಥೆನಾಲನ್ನು ಕೊಳ್ಳುವವರು ಯಾರೆಂದು ತಿರುಗಿ ಕೇಳಿದರು.